ಎಫ್‌ಐಆರ್‌ನಲ್ಲಿ ಹೆಸರು ಬಂದಿದೆ: ವಕೀಲರನ್ನು ಯಾವಾಗ ನೇಮಿಸಬೇಕು, ಹೇಗೆ ಆರಿಸಬೇಕು?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿ. ಹೊಲದ ಬದುವಿನ ವಿಚಾರವಾಗಿ ನಮಗೂ ದೊಡ್ಡಪ್ಪನ ಮಕ್ಕಳಿಗೂ ಹಳೆಯ ತಕರಾರಿದೆ. ಕಳೆದ ವಾರ ಅದು ಹೊಡೆದಾಟಕ್ಕೆ ತಿರುಗಿ, ದೊಡ್ಡಪ್ಪನ ಹಿರಿಯ ಮಗನ ತಲೆಗೆ ಸಲಿಕೆಯ ಕಾವಿನಿಂದ ಪೆಟ್ಟಾಗಿದೆ. ನನ್ನ ತಮ್ಮನ ಮುಂಗೈಗೂ ಗಾಯವಾಗಿದ್ದು, ಅವನು ಖಾಸಗಿ ಕ್ಲಿನಿಕ್‌ನಲ್ಲಿ ಹೊಲಿಗೆ ಹಾಕಿಸಿಕೊಂಡು ಸುಮ್ಮನೆ ಮನೆಗೆ ಬಂದಿದ್ದಾನೆ. ಅವರು ಅಂದೇ ರಾತ್ರಿ ದೂರು ಕೊಟ್ಟರು. 64 ವರ್ಷದ ನಮ್ಮ ತಂದೆ, ತಮ್ಮ ಮತ್ತು ನಾನು, ಮೂವರೂ ಆರೋಪಿಗಳು. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಆ ದಿನ ಕಚೇರಿಯಲ್ಲೇ ಇದ್ದೆ. ಈಗ ಠಾಣೆಗೆ ಹಾಜರಾಗಬೇಕೆಂದು ನನ್ನ ವಾಟ್ಸ್‌ಆ್ಯಪ್‌ಗೆ ನೋಟಿಸ್ ಬಂದಿದೆ. ವಕೀಲರನ್ನು ಕರೆದುಕೊಂಡು ಹೋದರೆ ತಪ್ಪು ಒಪ್ಪಿಕೊಂಡಂತೆ, ಚಾರ್ಜ್‌ಶೀಟ್ ಬಂದ ಮೇಲೆ ನೋಡಿಕೊಳ್ಳಿ ಎಂದು ಊರಿನವರು ಹೇಳುತ್ತಾರೆ. ಮುಖಂಡರೊಬ್ಬರು ಖರ್ಚು ಕೊಟ್ಟರೆ ಬಿ ರಿಪೋರ್ಟ್, ಅಂದರೆ ಪ್ರಕರಣ ಮುಚ್ಚುವ ಪೊಲೀಸ್ ವರದಿ, ಹಾಕಿಸುತ್ತೇನೆ ಎನ್ನುತ್ತಿದ್ದಾರೆ. ನಮ್ಮ ಜಮೀನಿನ ದಾವೆ ನೋಡುತ್ತಿರುವ ವಕೀಲರೇ ಸಾಕೇ, ಬೆಂಗಳೂರಿನ ಹೆಸರಾಂತ ಕ್ರಿಮಿನಲ್ ವಕೀಲರನ್ನು ಹಿಡಿಯಬೇಕೇ? ಶುಲ್ಕವನ್ನು ಹೇಗೆ ಮಾತನಾಡಬೇಕು? ನನ್ನ ಪಾಸ್‌ಪೋರ್ಟ್‌ಗೆ ತೊಂದರೆಯಾಗುವುದೇ?

ಉತ್ತರ: ನೀವು ಹಲವು ಪ್ರಶ್ನೆ ಕೇಳಿದ್ದೀರಿ. ಆದರೆ ಈಗಲೇ ತೀರ್ಮಾನವಾಗಬೇಕಾದದ್ದು ಒಂದೇ: ವಕೀಲರನ್ನು ಈಗ ನೇಮಿಸಬೇಕೇ, ದೋಷಾರೋಪ ಪಟ್ಟಿ ಬಂದ ಮೇಲೆ ನೇಮಿಸಿದರೆ ನಡೆಯುತ್ತದೆಯೇ? ಈ ವಾರವೇ ನೇಮಿಸಿ, ಠಾಣೆಯ ಮೆಟ್ಟಿಲು ಹತ್ತುವ ಮೊದಲೇ ಅವರನ್ನು ಕಾಣಿ. ಹೊಡೆದಾಟದ ಪ್ರಕರಣಗಳಲ್ಲಿ ಆರೋಪಿಗೆ ಉಪಯೋಗಕ್ಕೆ ಬರುವ ಸಾಕ್ಷ್ಯವೆಲ್ಲ ಮೊದಲ ಎರಡು ಮೂರು ವಾರಗಳಲ್ಲಿ ಸಿಗುತ್ತದೆ ಅಥವಾ ಕಳೆದುಹೋಗುತ್ತದೆ. ದೋಷಾರೋಪ ಪಟ್ಟಿ ಕೈಗೆ ಬರುವ ಹೊತ್ತಿಗೆ ತನಿಖಾಧಿಕಾರಿಯ ಕಡತದಲ್ಲಿ ಒಂದೇ ಪಕ್ಷದ ಕಥೆ ಗಟ್ಟಿಯಾಗಿ ಕುಳಿತಿರುತ್ತದೆ.

ಮೊದಲು ಎಫ್‌ಐಆರ್ ಪ್ರತಿಯನ್ನು ಪಡೆಯಿರಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದೆಲ್ಲ ಎಫ್‌ಐಆರ್‌ಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ನಿರ್ದೇಶಿಸಿದ್ದು, ಕರ್ನಾಟಕ ರಾಜ್ಯ ಪೊಲೀಸ್ ಜಾಲತಾಣದಲ್ಲಿ ಠಾಣೆ ಮತ್ತು ಅಪರಾಧ ಸಂಖ್ಯೆಯನ್ನು ಕೊಟ್ಟು ಹುಡುಕಬಹುದು. ಅದರಲ್ಲಿ ಯಾವ ಕಲಂಗಳಿವೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಬದುವಿನ ಜಗಳಗಳಲ್ಲಿ ಸಾಮಾನ್ಯವಾಗಿ ಭಾರತೀಯ ನ್ಯಾಯ ಸಂಹಿತೆಯ 126(2) ಅಂದರೆ ಅಕ್ರಮ ತಡೆ, 115(2) ಅಂದರೆ ಗಾಯಪಡಿಸುವುದು, 352 ಮತ್ತು 351(2) ಅಂದರೆ ಅವಾಚ್ಯ ನಿಂದನೆ ಮತ್ತು ಬೆದರಿಕೆ, ಇವುಗಳ ಜೊತೆಗೆ ಸಮಾನ ಉದ್ದೇಶದ 3(5) ಇರುತ್ತವೆ. ಇಷ್ಟೇ ಇದ್ದರೆ ಎಲ್ಲವೂ ಜಾಮೀನು ಸಿಗುವ ಅಪರಾಧಗಳು. ಆದರೆ ಸಲಿಕೆಯ ಕಾವು ಬಳಕೆಯಾಗಿದೆ ಎಂದು ದೂರಿನಲ್ಲಿರುವುದರಿಂದ 118(1) ಸೇರಿರುವ ಸಾಧ್ಯತೆ ಹೆಚ್ಚು. ಅಪಾಯಕಾರಿ ಆಯುಧದಿಂದ ಗಾಯಪಡಿಸಿದ ಆ ಅಪರಾಧಕ್ಕೆ 3 ವರ್ಷದವರೆಗೆ ಶಿಕ್ಷೆಯಿದೆ, ಮತ್ತು ಅದು ಜಾಮೀನುರಹಿತ, ಅಂದರೆ ಜಾಮೀನು ಹಕ್ಕಾಗಿ ಸಿಗದು, ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು.

ಈ ಒಂದು ಕಲಂ ನಿಮ್ಮ ತಂದೆಯವರ ವಿಷಯದಲ್ಲಿ ಏನು ಮಾಡುತ್ತದೆ ನೋಡಿ. 60 ವರ್ಷ ದಾಟಿದವರನ್ನು, ಶಿಕ್ಷೆ 3 ವರ್ಷಕ್ಕಿಂತ ಕಡಿಮೆ ಇರುವ ಪ್ರಕರಣಗಳಲ್ಲಿ, ಡಿವೈಎಸ್‌ಪಿ ದರ್ಜೆಗಿಂತ ಕೆಳಗಲ್ಲದ ಅಧಿಕಾರಿಯ ಪೂರ್ವಾನುಮತಿಯಿಲ್ಲದೆ ಬಂಧಿಸುವಂತಿಲ್ಲ ಎಂದು ಅಪರಾಧ ಪ್ರಕ್ರಿಯೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(7) ಹೇಳುತ್ತದೆ. 118(1)ರ ಶಿಕ್ಷೆ ಸರಿಯಾಗಿ 3 ವರ್ಷದವರೆಗೆ ಇರುವುದರಿಂದ ಆ ರಕ್ಷಣೆ ಕೂದಲೆಳೆಯ ಅಂತರದಲ್ಲಿ ತಪ್ಪಿಹೋಗುತ್ತದೆ. ಸಾಲದ್ದಕ್ಕೆ, ಕಲಂಗಳು ಮುಂದೆ ಏರಲೂಬಹುದು. ವೈದ್ಯರು ಕೊಡುವ ಗಾಯಾಳುವಿನ ವೂಂಡ್ ಸರ್ಟಿಫಿಕೇಟ್‌ನಲ್ಲಿ ತಲೆಬುರುಡೆಯ ಮೂಳೆ ಮುರಿದಿದೆ ಎಂದು ಬಂದರೆ ಅಪಾಯಕಾರಿ ಆಯುಧದಿಂದ ತೀವ್ರ ಗಾಯಪಡಿಸಿದ 118(2) ಸೇರುತ್ತದೆ. ಪೆಟ್ಟು ಬಿದ್ದದ್ದು ತಲೆಗೆ ಎಂಬ ಕಾರಣಕ್ಕೆ ಕೊಲೆಯತ್ನದ 109ನ್ನು ಸೇರಿಸುವುದನ್ನೂ ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆದ್ದರಿಂದ ಇಂದಿನ ಎಫ್‌ಐಆರ್ ನೋಡಿ ನಿಶ್ಚಿಂತೆಯಿಂದ ಕೂರುವಂತಿಲ್ಲ.

ಈಗ ಊರಿನವರ ಮಾತಿಗೆ ಬರೋಣ. ವಕೀಲರನ್ನು ನೇಮಿಸುವುದು ತಪ್ಪೊಪ್ಪಿಗೆ ಎಂಬುದಕ್ಕೆ ಕಾನೂನಿನಲ್ಲಿ ಎಳ್ಳಷ್ಟೂ ಆಧಾರವಿಲ್ಲ. ಬಂಧಿತನಿಗೆ ತನ್ನ ಆಯ್ಕೆಯ ವಕೀಲರನ್ನು ಕಾಣುವ ಹಕ್ಕನ್ನು ಸಂವಿಧಾನದ 22(1)ನೇ ವಿಧಿ ಕೊಟ್ಟಿದೆ. ಬಂಧನಕ್ಕೊಳಗಾದವರನ್ನು ಪೊಲೀಸರು ವಿಚಾರಣೆ ಮಾಡುವಾಗ, ವಿಚಾರಣೆಯ ಉದ್ದಕ್ಕೂ ಅಲ್ಲದಿದ್ದರೂ, ನಡುವೆ ವಕೀಲರನ್ನು ಭೇಟಿಯಾಗಬಹುದು ಎಂದು ಸುರಕ್ಷಾ ಸಂಹಿತೆಯ 38ನೇ ಕಲಂ ಹೇಳುತ್ತದೆ. ಕರಿ ಕೋಟು ಕಂಡೊಡನೆ ಮುಖ ಗಂಟಿಕ್ಕುವ ಅಧಿಕಾರಿಗಳು ಇಲ್ಲವೆಂದು ನಾನು ಹೇಳಲಾರೆ, ಇದ್ದಾರೆ. ಆದರೆ ಅನುಭವಸ್ಥ ವಕೀಲರು ಠಾಣೆಯಲ್ಲಿ ವಾದಕ್ಕಿಳಿಯುವುದಿಲ್ಲ. ಲಿಖಿತ ಉತ್ತರವನ್ನು ಕೊಟ್ಟು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರುತ್ತಾರೆ. ಮುಂದೆ ನ್ಯಾಯಾಲಯದಲ್ಲಿ ಆ ಮೊಹರಿಗೆ ಬೆಲೆಯಿದೆ.

ಒಬ್ಬರೇ ಹೋದವರಿಗೆ ಆಗುವ ತೊಂದರೆ ಬೇರೆ. ನಮ್ಮ ಠಾಣೆಗಳಲ್ಲಿ ಆರೋಪಿಯ ಸ್ವಇಚ್ಛಾ ಹೇಳಿಕೆ ಎಂಬ ಕಾಗದವೊಂದು ಸಿದ್ಧವಾಗುತ್ತದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ ಎಂಬುದು ನಿಜ. ಹಾಗೆಂದು ಅದು ನಿರುಪದ್ರವಿಯಲ್ಲ. ವಶದಲ್ಲಿರುವ ಆರೋಪಿಯ ಹೇಳಿಕೆಯ ಆಧಾರದ ಮೇಲೆ ಸಲಿಕೆಯೋ ಕುಡಗೋಲೋ ಸಿಕ್ಕಿತೆಂದು ಪಂಚರ, ಅಂದರೆ ಸ್ವತಂತ್ರ ಸಾಕ್ಷಿಗಳ, ಸಮಕ್ಷಮ ಜಪ್ತಿಯ ಮಹಜರು ಆದರೆ, ಆ ಮಟ್ಟಿಗಿನ ಮಾತು ಸಾಕ್ಷ್ಯವಾಗಿ ಒಳಗೆ ಬರುತ್ತದೆ. ನಿಮ್ಮ ತಮ್ಮ ಗಾಬರಿಯಲ್ಲಿ ಆಡುವ ಒಂದು ಮಾತು, ಖಾಲಿ ಹಾಳೆಯ ಮೇಲೆ ಹಾಕುವ ಒಂದು ಸಹಿ, ಇವೆರಡನ್ನು ತಪ್ಪಿಸಿದರೂ ವಕೀಲರ ಶುಲ್ಕ ಸಾರ್ಥಕವಾದಂತೆ.

ವಾಟ್ಸ್‌ಆ್ಯಪ್ ನೋಟಿಸ್ ವಿಚಾರ. 7 ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು, ಹಾಜರಾತಿಗೆ ನೋಟಿಸ್ ಕೊಡಬೇಕು ಎಂಬುದು ಸುಪ್ರೀಂ ಕೋರ್ಟ್‌ನ 2014ರ ಅರ್ನೇಶ್ ಕುಮಾರ್ ತೀರ್ಪಿನಿಂದ ಗಟ್ಟಿಯಾದ ನಿಯಮ. ಈಗ ಅದು ಸುರಕ್ಷಾ ಸಂಹಿತೆಯ 35(3)ರ ನೋಟಿಸ್. ಈ ನೋಟಿಸನ್ನು ವಾಟ್ಸ್‌ಆ್ಯಪ್ ಮೂಲಕ ಕೊಡುವುದು ಕ್ರಮಬದ್ಧ ಜಾರಿಯಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ. ಇಷ್ಟು ತಿಳಿದ ಕೂಡಲೇ ನೋಟಿಸನ್ನು ಕಡೆಗಣಿಸಬೇಡಿ. ನೋಟಿಸಿಗೆ ಸ್ಪಂದಿಸಿದವರನ್ನು ಬಂಧಿಸಲು ಪೊಲೀಸರು ಕಾರಣ ಬರೆದಿಡಬೇಕು. ತಪ್ಪಿಸಿಕೊಂಡವರ ವಿಷಯದಲ್ಲಿ ಆ ಕಾರಣವನ್ನು ನಾವೇ ಒದಗಿಸಿದಂತಾಗುತ್ತದೆ. ದಿನಾಂಕ ಹೊಂದದಿದ್ದರೆ ವಕೀಲರ ಮೂಲಕ ಲಿಖಿತವಾಗಿ ಬೇರೆ ದಿನ ಕೇಳಿ.

ನೀವು ಆ ದಿನ ಬೆಂಗಳೂರಿನಲ್ಲಿದ್ದಿರಿ ಎಂಬುದು ನಿಮ್ಮ ಪಾಲಿನ ದೊಡ್ಡ ಆಸ್ತಿ. ಆದರೆ ಘಟನಾ ಸ್ಥಳದಲ್ಲಿ ಇರಲಿಲ್ಲ ಎಂಬುದನ್ನು ಸಾಬೀತುಪಡಿಸುವ ಹೊಣೆ ಆರೋಪಿಯದೇ. ಕಚೇರಿಯ ಸಿಸಿಟಿವಿ ದೃಶ್ಯಗಳ ಮೇಲೆ ಕೆಲವೇ ದಿನಗಳಲ್ಲಿ ಹೊಸ ದೃಶ್ಯಗಳು ದಾಖಲಾಗಿ ಹಳೆಯವು ಅಳಿಸಿಹೋಗುತ್ತವೆ. ಆದ್ದರಿಂದ ಇಂದೇ ಕಚೇರಿಯ ಭದ್ರತಾ ವಿಭಾಗಕ್ಕೆ ಇಮೇಲ್ ಬರೆದು, ಆ ದಿನದ ದೃಶ್ಯವನ್ನೂ ನಿಮ್ಮ ಗುರುತಿನ ಕಾರ್ಡಿನ ಪ್ರವೇಶ ದಾಖಲೆಯನ್ನೂ ಕಾಯ್ದಿಡುವಂತೆ ಕೇಳಿ. ಅವನ್ನು ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಅದರ ನಮೂನೆಯನ್ನು ವಕೀಲರು ಕೊಡುತ್ತಾರೆ. ಆರೋಪಿ ತನ್ನ ರಕ್ಷಣೆಯನ್ನು ಪಾಟೀಸವಾಲಿನವರೆಗೆ, ಅಂದರೆ ಎದುರು ಸಾಕ್ಷಿಯನ್ನು ಪ್ರಶ್ನಿಸುವ ಹಂತದವರೆಗೆ, ಬಿಚ್ಚಬಾರದು ಎಂಬ ಹಳೆಯ ಪಾಠ ನಮ್ಮ ವೃತ್ತಿಯಲ್ಲಿದೆ, ಬಹುತೇಕ ಪ್ರಕರಣಗಳಿಗೆ ಅದು ಸರಿ. ಆದರೆ ಯಂತ್ರದ ದಾಖಲೆಯಿರುವ ಇಂಥ ಸಂಗತಿಯನ್ನು ತನಿಖೆಯ ಹಂತದಲ್ಲೇ ಲಿಖಿತವಾಗಿ ಕೊಟ್ಟರೆ ದೋಷಾರೋಪ ಪಟ್ಟಿಯಿಂದ ಹೆಸರು ಬಿಡುವ ಅವಕಾಶವಿದೆ ಎಂಬುದು ನನ್ನ ಅಭಿಪ್ರಾಯ. ಕೊಡಬೇಕೇ, ಯಾವ ರೂಪದಲ್ಲಿ ಕೊಡಬೇಕು ಎಂಬುದನ್ನು ಮಾತ್ರ ನಿಮ್ಮ ವಕೀಲರು ಕಡತ ನೋಡಿ ನಿರ್ಧರಿಸಲಿ.

ನಿಮ್ಮ ತಮ್ಮನದು ಇನ್ನೂ ಅವಸರದ ಕೆಲಸ. ಖಾಸಗಿ ಕ್ಲಿನಿಕ್‌ನಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದಿದ್ದರಿಂದ ಅವನ ಗಾಯ ಎಲ್ಲಿಯೂ ಮೆಡಿಕೋ ಲೀಗಲ್ ಪ್ರಕರಣವಾಗಿ, ಅಂದರೆ ಎಂಎಲ್‌ಸಿಯಾಗಿ, ದಾಖಲಾಗಿರಲಾರದು. ಹೊಲಿಗೆ ಬಿಚ್ಚುವ ಮೊದಲೇ ತಾಲೂಕು ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಲಿ, ಕ್ಲಿನಿಕ್‌ನ ಚೀಟಿ, ಬಿಲ್ಲು ಇಟ್ಟುಕೊಳ್ಳಲಿ, ಪ್ರತಿದೂರನ್ನೂ ಕೊಡಲಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಸುರಕ್ಷಾ ಸಂಹಿತೆಯ 173(4)ರಂತೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ತಡವಾದದ್ದಕ್ಕೆ ಕಾರಣವನ್ನು ದೂರಿನಲ್ಲೇ ಇದ್ದದ್ದು ಇದ್ದಂತೆ ಬರೆಯಬೇಕು. ಕೇಸು ಮತ್ತು ಪ್ರತಿಕೇಸು ಎರಡೂ ಇದ್ದಾಗ, ಮೊದಲು ಕೈಮಾಡಿದವರು ಯಾರು ಎಂಬ ಪ್ರಶ್ನೆ ನ್ಯಾಯಾಲಯದ ಮುಂದೆ ಜೀವಂತವಾಗಿ ಉಳಿಯುತ್ತದೆ. ಆತ್ಮರಕ್ಷಣೆಯ ವಾದಕ್ಕೆ ನೆಲೆ ಸಿಗುವುದು ಅಲ್ಲಿಯೇ. ಇಲ್ಲದ ಗಾಯ, ಇಲ್ಲದ ಸಾಕ್ಷಿ ಸೇರಿಸಿದ ಪ್ರತಿದೂರು ಮಾತ್ರ ನಿಮ್ಮನ್ನೇ ಸಿಕ್ಕಿಸುತ್ತದೆ.

ಬಂಧನದ ಭಯಕ್ಕೆ ಮೂರು ದಾರಿಗಳಿವೆ. ನೋಟಿಸಿಗೆ ಹಾಜರಾಗಿ ತನಿಖೆಗೆ ಸಹಕರಿಸುವುದು ಸರಳವಾದದ್ದು, ಖರ್ಚೂ ಕಡಿಮೆ. ಆದರೆ ಗಾಯಾಳುವಿನ ಸ್ಥಿತಿ ಗಂಭೀರವಾದರೆ ಅದೇ ಠಾಣೆಯಲ್ಲಿ ಬಂಧನವೂ ಆಗಬಹುದು. ಎರಡನೆಯದು ಹಾವೇರಿಯ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯದಲ್ಲಿ ಸುರಕ್ಷಾ ಸಂಹಿತೆಯ 482ನೇ ಕಲಮಿನಡಿ ನಿರೀಕ್ಷಣಾ ಜಾಮೀನು, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು. ತಂದೆಯವರ ವಯಸ್ಸು ಮತ್ತು ನಿಮ್ಮ ಉದ್ಯೋಗವನ್ನು ನೋಡಿದರೆ ನಾನು ಇದರತ್ತಲೇ ವಾಲುತ್ತೇನೆ. ಆದರೂ ಅರ್ಜಿ ತಿರಸ್ಕೃತವಾದರೆ ಪೊಲೀಸರಿಗೆ ಬಂಧನದ ಹಾದಿ ಸಲೀಸಾಗುತ್ತದೆ. ಅಷ್ಟೇ ಮುಖ್ಯವಾದದ್ದು ಅರ್ಜಿಯ ಬರವಣಿಗೆ. ಹಳೆಯ ಅರ್ಜಿಯೊಂದರಿಂದ ಸಾಲುಗಳನ್ನು ಎತ್ತಿ, "ಉಭಯ ಪಕ್ಷದವರ ನಡುವೆ ತಳ್ಳಾಟ ನಡೆದಿದ್ದು, ಅರ್ಜಿದಾರರು ತಮ್ಮನ್ನು ರಕ್ಷಿಸಿಕೊಂಡಿರುತ್ತಾರೆ" ಎಂದು ಮೂವರ ಪರವಾಗಿ ಬರೆದರೆ, ಬೆಂಗಳೂರಿನಲ್ಲಿದ್ದ ನೀವು ಹೊಲದಲ್ಲಿದ್ದಿರಿ ಎಂದು ನೀವೇ ಒಪ್ಪಿಕೊಂಡಂತಾಗುತ್ತದೆ. ಕರಡನ್ನು ಓದದೆ ಸಹಿ ಹಾಕಬೇಡಿ. ಇಂಗ್ಲಿಷಿನಲ್ಲಿದ್ದರೆ ತಂದೆಗೂ ತಮ್ಮನಿಗೂ ಕನ್ನಡದಲ್ಲಿ ವಿವರಿಸಲು ಹೇಳಿ. ಮೂರನೆಯದು ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಶರಣಾಗಿ ಜಾಮೀನು ಕೇಳುವುದು. ಜಾಮೀನು ಅಂದೇ ಸಿಗದಿದ್ದರೆ ಕೆಲವು ದಿನ ಕಾರಾಗೃಹ ನೋಡಬೇಕಾಗುತ್ತದೆ ಎಂಬ ಸಿದ್ಧತೆಯಿದ್ದರೆ ಮಾತ್ರ ಅದನ್ನು ಆರಿಸಿಕೊಳ್ಳಬೇಕು.

ಇನ್ನು ಯಾವ ವಕೀಲರು? ಜಮೀನಿನ ದಾವೆ ನೋಡುವವರಿಗೆ ನಿಮ್ಮ ಬದುವಿನ ಇತಿಹಾಸ ಗೊತ್ತು, ಆ ಮಾಹಿತಿ ಅಮೂಲ್ಯ. ಆದರೆ ದಾವೆಯ ಕೈಗೂ ಕ್ರಿಮಿನಲ್ ಕೈಗೂ ವ್ಯತ್ಯಾಸವಿದೆ: ಗಾಯದ ಬಗ್ಗೆ ವೈದ್ಯರನ್ನು ಪಾಟೀಸವಾಲು ಮಾಡುವುದು, ಮಹಜರಿನ ಪಂಚರನ್ನು ಪ್ರಶ್ನಿಸುವುದು, ದೂರಿಗೂ ಸಾಕ್ಷಿಯ ಹೇಳಿಕೆಗೂ ಇರುವ ವ್ಯತ್ಯಾಸವನ್ನು ದಾಖಲೆಗೆ ತರುವುದು ದಿನನಿತ್ಯ ಮಾಡಿದವರಿಗೆ ಮಾತ್ರ ಕೂಡಿಬರುತ್ತದೆ. ಬೆಂಗಳೂರಿನ ಹೆಸರಾಂತ ವಕೀಲರು ಪ್ರತಿ ಮುದ್ದತ್ತಿಗೆ, ಅಂದರೆ ವಿಚಾರಣೆಯ ದಿನಕ್ಕೆ, ನಿಮ್ಮ ತಾಲೂಕಿನ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್, ನ್ಯಾಯಾಲಯಕ್ಕೆ ಬರಲಾರರು, ಕಿರಿಯರನ್ನು ಕಳುಹಿಸುತ್ತಾರೆ, ಪ್ರಯಾಣದ ಖರ್ಚು ನಿಮ್ಮದು. ಹೈಕೋರ್ಟ್‌ಗೆ ಹೋಗುವ ಸಂದರ್ಭ ಬಂದರೂ ಹಾವೇರಿ ಜಿಲ್ಲೆಯ ಪ್ರಕರಣಗಳು ಧಾರವಾಡ ಪೀಠಕ್ಕೆ ಸೇರುತ್ತವೆ. ನಿಮ್ಮ ತಾಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳಲ್ಲಿ ದಿನವೂ ಕ್ರಿಮಿನಲ್ ಪ್ರಕರಣ ನಡೆಸುವವರೊಬ್ಬರನ್ನು ಆರಿಸಿ, ಜಮೀನಿನ ವಕೀಲರಿಂದ ಅವರಿಗೆ ಕಾಗದಪತ್ರ ಕೊಡಿಸಿ.

ಆರಿಸುವುದು ಹೇಗೆ ಎಂದರೆ, ವಕೀಲರಿಗೆ ಜಾಹೀರಾತು ನಿಷಿದ್ಧವಾಗಿರುವುದರಿಂದ ಫಲಕ ನೋಡಿ ತಿಳಿಯುವಂತಿಲ್ಲ. ಇ-ಕೋರ್ಟ್ಸ್ ತಾಣದಲ್ಲಿ ವಕೀಲರ ಹೆಸರಿನಿಂದ ಪ್ರಕರಣಗಳನ್ನು ಹುಡುಕಬಹುದು; ಅವರು ಹೆಚ್ಚಾಗಿ ಯಾವ ಬಗೆಯ ಪ್ರಕರಣ ನಡೆಸುತ್ತಾರೆ ಎಂಬ ಅಂದಾಜು ಸಿಗುತ್ತದೆ. ಅದಕ್ಕಿಂತ ಉತ್ತಮ ಉಪಾಯ ಇನ್ನೊಂದಿದೆ. ನ್ಯಾಯಾಲಯದ ಕಲಾಪ ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತದೆ. ನಿಮ್ಮ ತಮ್ಮ ಒಂದು ಬೆಳಿಗ್ಗೆ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಲಿ. ಪ್ರಕರಣ ಕೂಗಿದಾಗ ಕಡತ ಓದಿಕೊಂಡು ಎದ್ದು ನಿಲ್ಲುವವರು ಯಾರು, ಸಾಕ್ಷಿ ಬಂದು ಕಾದಿರುವಾಗಲೂ ಮುಂದಿನ ದಿನಾಂಕ ಕೇಳುವವರು ಯಾರು ಎಂಬುದು ಒಂದೆರಡು ಗಂಟೆಯಲ್ಲಿ ಗೊತ್ತಾಗುತ್ತದೆ. ಮೊದಲ ಭೇಟಿಯಲ್ಲಿ "ಈ ಕೇಸಿನಲ್ಲಿ ನಮಗೆ ಅಪಾಯ ಎಲ್ಲಿದೆ?" ಎಂದು ಕೇಳಿ. ನಿಮ್ಮ ತಮ್ಮನ ವಿರುದ್ಧ ಹೋಗಬಹುದಾದ ಸಂಗತಿಯನ್ನು ಮುಖಕ್ಕೆ ಹೇಳುವವರು, ನಮಗೇ ಜಯ ಎನ್ನುವವರಿಗಿಂತ ಮೇಲು. ಖುಲಾಸೆ ಗ್ಯಾರಂಟಿ ಎಂದವರ ಕಚೇರಿಯಿಂದ ಎದ್ದು ಬನ್ನಿ.

ಮೂವರಿಗೂ ಒಬ್ಬರೇ ವಕೀಲರು ಸಾಕೇ ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ನೀವು ಸ್ಥಳದಲ್ಲೇ ಇರಲಿಲ್ಲ ಎನ್ನುತ್ತೀರಿ, ತಮ್ಮ ಬಹುಶಃ ಆತ್ಮರಕ್ಷಣೆ ಎನ್ನಬೇಕಾಗುತ್ತದೆ. ಇವೆರಡೂ ಒಟ್ಟಿಗೆ ನಿಲ್ಲಬಲ್ಲವು. ಆದರೆ ಸಲಿಕೆ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಗೆ ತಂದೆಯ ಉತ್ತರವೇ ಬೇರೆ, ತಮ್ಮನ ಉತ್ತರವೇ ಬೇರೆ ಆದ ಕ್ಷಣದಿಂದ ಒಬ್ಬ ವಕೀಲರು ಇಬ್ಬರನ್ನೂ ನ್ಯಾಯವಾಗಿ ಪ್ರತಿನಿಧಿಸಲಾರರು. ಆದ್ದರಿಂದ ವಕೀಲರು ಮೂವರೊಡನೆಯೂ ಬೇರೆಬೇರೆಯಾಗಿ ಮಾತನಾಡಲಿ. ಯಾರೂ ಏನನ್ನೂ ಮುಚ್ಚಿಡಬೇಕಾಗಿಲ್ಲ: ಕಕ್ಷಿದಾರ ಹೇಳಿದ್ದನ್ನು ವಕೀಲರು ಹೊರಗೆಡಹುವಂತಿಲ್ಲ ಎಂದು ಸಾಕ್ಷ್ಯ ಅಧಿನಿಯಮದ 132ನೇ ಕಲಂ ಹೇಳುತ್ತದೆ. ಮುಂದೆ ಮಾಡಲಿರುವ ಅಪರಾಧಕ್ಕೆ ಸಲಹೆ ಕೇಳಿದರೆ ಆ ರಕ್ಷಣೆಯಿಲ್ಲ. ಹಾಗೆಯೇ ಫೋನಿನಲ್ಲಿರುವ ಹಳೆಯ ಸಂದೇಶಗಳನ್ನು ಅಳಿಸಬೇಡಿ, ಅವು ವಿರುದ್ಧವಾಗಿದ್ದರೂ ಮೊದಲು ವಕೀಲರಿಗೆ ತೋರಿಸಿ.

ಶುಲ್ಕಕ್ಕೆ ನಿಗದಿತ ದರಪಟ್ಟಿಯಿಲ್ಲ; ಊರು, ನ್ಯಾಯಾಲಯ, ವಕೀಲರ ಅನುಭವಕ್ಕೆ ತಕ್ಕಂತೆ ಅಜಗಜಾಂತರವಿರುತ್ತದೆ. ಹಂತಹಂತವಾಗಿ ಮಾತನಾಡಿ: ನಿರೀಕ್ಷಣಾ ಜಾಮೀನಿಗೆ ಎಷ್ಟು, ದೋಷಾರೋಪ ಪಟ್ಟಿಯ ನಂತರ ವಿಚಾರಣೆಗೆ ಎಷ್ಟು, ಧಾರವಾಡಕ್ಕೆ ಹೋದರೆ ಎಷ್ಟು, ಮುದ್ದತ್ತಿನ ಖರ್ಚು ಸೇರಿದೆಯೇ ಇಲ್ಲವೇ ಎಂಬುದು ಬರವಣಿಗೆಯಲ್ಲಿರಲಿ, ಕೊಟ್ಟದ್ದಕ್ಕೆ ರಸೀದಿಯಿರಲಿ. ಗೆದ್ದರೆ ಇಷ್ಟು ಎಂಬ ಷರತ್ತಿನ ಶುಲ್ಕಕ್ಕೆ ವಕೀಲರ ಪರಿಷತ್ತಿನ ನಿಯಮದಲ್ಲಿ ಅವಕಾಶವಿಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ತೀರ್ಪಿತ್ತಿರುವುದರಿಂದ, ತಕರಾರು ಬಂದರೆ ಗ್ರಾಹಕರ ಆಯೋಗಕ್ಕೆ ಹೋಗಲಾಗದು. ವೃತ್ತಿ ದುರ್ನಡತೆಗೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು, ಅಲ್ಲಿಯೂ ಕಾಗದವಿದ್ದವರ ಮಾತಿಗೇ ತೂಕ. ವಿಶ್ವಾಸ ಹೋದರೆ ವಕೀಲರನ್ನು ಬದಲಿಸಬಹುದು. ಬಾಕಿ ಶುಲ್ಕಕ್ಕಾಗಿ ಕಡತವನ್ನು ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲ ಎಂಬುದು 2000ನೇ ಇಸವಿಯಲ್ಲೇ ಸುಪ್ರೀಂ ಕೋರ್ಟ್‌ನಲ್ಲಿ ತೀರ್ಮಾನವಾಗಿದೆ.

ಹಣದ ಅಡಚಣೆಯಿದ್ದರೆ ತಾಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ, ಉಳಿದವರಿಗೆ ಮಿತಿಗೊಳಪಟ್ಟು ಉಚಿತ ವಕೀಲರು ಸಿಗುತ್ತಾರೆ. ಉಚಿತವೆಂದರೆ ಕಳಪೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಪಟ್ಟಿಯಲ್ಲಿ ಶ್ರದ್ಧೆಯಿಂದ ಪಾಟೀಸವಾಲು ಮಾಡುವವರನ್ನು ಬಲ್ಲೆ.

ಮುಖಂಡರ ಬಿ ರಿಪೋರ್ಟ್ ಮಾತನ್ನು ಅಲ್ಲಿಗೇ ಬಿಡಿ. ಬಿ ರಿಪೋರ್ಟ್ ಹಾಕುವ ಅಧಿಕಾರ ತನಿಖಾಧಿಕಾರಿಯದು, ಅದನ್ನು ಒಪ್ಪುವ ಬಿಡುವ ಅಧಿಕಾರ ಮ್ಯಾಜಿಸ್ಟ್ರೇಟರದು. ಫಿರ್ಯಾದಿ ತಕರಾರು ಸಲ್ಲಿಸಿದರೆ ಪ್ರಕರಣ ಮತ್ತೆ ಎದ್ದು ಕೂರುತ್ತದೆ. ಅಷ್ಟರಲ್ಲಿ ನಿಮ್ಮ ಹಣ ಹೋಗಿರುತ್ತದೆ, ಜೊತೆಗೆ 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರಿಗೂ 7 ವರ್ಷದವರೆಗೆ ಶಿಕ್ಷೆಯಿದೆ. ಇದೇ ಮಾತನ್ನು "ಠಾಣೆಗೆ ಕೊಡಬೇಕು, ಸಾಹೇಬರಿಗೆ ಕೊಡಬೇಕು" ಎಂದು ವಕೀಲರೇ ಆಡಿದರೂ ನನ್ನ ಉತ್ತರ ಬದಲಾಗುವುದಿಲ್ಲ.

ಹಿರಿಯರ ಮಧ್ಯಸ್ಥಿಕೆಯಲ್ಲಿ ರಾಜಿಯಾಗುವುದಾದರೆ ಅದು ಬೇರೆ ವಿಷಯ, ಅದಕ್ಕೆ ನನ್ನ ವಿರೋಧವಿಲ್ಲ. ಸಣ್ಣ ಗಾಯ, ಅಕ್ರಮ ತಡೆಯಂತಹ ಅಪರಾಧಗಳನ್ನು ನ್ಯಾಯಾಲಯದಲ್ಲೇ ರಾಜಿ ಮಾಡಿಕೊಳ್ಳಬಹುದು. 118(1) ಆ ಪಟ್ಟಿಯಲ್ಲಿಲ್ಲ. ಅದಕ್ಕೆ ರಾಜಿಪತ್ರದೊಂದಿಗೆ ಧಾರವಾಡ ಪೀಠದಲ್ಲಿ ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ ಪ್ರಕರಣದ ರದ್ದತಿ ಕೇಳಬೇಕಾಗುತ್ತದೆ. ರಾಜಿಯ ಮಾತುಕತೆಗೆ ಆರೋಪಿಗಳು ತಾವಾಗಿ ದೊಡ್ಡಪ್ಪನ ಮನೆಗೆ ಹೋಗಬಾರದು. ಸಾಕ್ಷಿಗೆ ಬೆದರಿಕೆ ಹಾಕಿದರು ಎಂಬ ಒಂದು ದೂರಿನಿಂದ ಸಿಕ್ಕ ಜಾಮೀನೂ ರದ್ದಾಗಬಹುದು.

ಪಾಸ್‌ಪೋರ್ಟ್ ಬಗ್ಗೆ: ಈಗಿರುವ ಪಾಸ್‌ಪೋರ್ಟ್ ಎಫ್‌ಐಆರ್ ಒಂದರಿಂದಲೇ ರದ್ದಾಗಿಬಿಡುವುದಿಲ್ಲ. ನವೀಕರಣದ ಹೊತ್ತಿಗೆ ಪ್ರಕರಣ ನ್ಯಾಯಾಲಯದಲ್ಲಿ ಬಾಕಿಯಿದ್ದರೆ ಪ್ರಾಧಿಕಾರ ನಿರಾಕರಿಸಬಹುದು, ಆಗ ಪ್ರಕರಣ ನಡೆಯುತ್ತಿರುವ ನ್ಯಾಯಾಲಯದ ಅನುಮತಿ ತಂದರೆ ಸೀಮಿತ ಅವಧಿಗೆ ಸಿಗುತ್ತದೆ. ಅರ್ಜಿಯಲ್ಲಿ ಪ್ರಕರಣವಿಲ್ಲವೆಂದು ಬರೆಯುವುದು ಮಾತ್ರ ಹೊಸ ಅಪರಾಧ. ವಿದೇಶಕ್ಕೆ ಹೋಗುವ ಸಂಭವವಿದ್ದರೆ ಜಾಮೀನು ಅರ್ಜಿ ಸಲ್ಲಿಸುವ ಮೊದಲೇ ವಕೀಲರಿಗೆ ತಿಳಿಸಿ. ಅನುಮತಿಯಿಲ್ಲದೆ ದೇಶ ಬಿಡಬಾರದು ಎಂಬ ಷರತ್ತು ಬಂದ ಮೇಲೆ ಅದನ್ನು ಸಡಿಲಿಸಿಕೊಳ್ಳಲು ಮತ್ತೊಂದು ಅರ್ಜಿ ಹಾಕಬೇಕಾಗುತ್ತದೆ. ಮೊದಲ ಭೇಟಿಗೆ ಎಫ್‌ಐಆರ್ ಪ್ರತಿ, ವಾಟ್ಸ್‌ಆ್ಯಪ್ ನೋಟಿಸಿನ ಮುದ್ರಿತ ಪ್ರತಿ, ತಮ್ಮನ ಕ್ಲಿನಿಕ್ ಚೀಟಿ, ಜಮೀನಿನ ಪಹಣಿ ಮತ್ತು ದಾವೆಯ ಆದೇಶಗಳು ಹಾಗೂ ನಿಮ್ಮ ಪಾಸ್‌ಪೋರ್ಟ್ ಪ್ರತಿಯನ್ನು ತೆಗೆದುಕೊಂಡು ಹೋಗಿ.